ಕಾಕಾ ಮನೆ ಖಾಲಿ ಮಾಡುತ್ತಾರೆ

ಸೋಲಾಪುರದ ಯಾವ ಪೇಟೆಗೆ ಹೋದರೂ, ಅಕ್ಕಲಕೋಟೆಯ ಯಾವ ಓಣಿ ಹೊಕ್ಕರೂ ಇಂಥ ಒಬ್ಬ ಕಾಕಾ ಸಿಕ್ಕೇ ಸಿಗುತ್ತಾರೆ. ನೌಕರಿಯಿಂದ ನಿವೃತ್ತರು, ಮಗ ಪುಣೆಯಲ್ಲಿ, ಕೈಯಲ್ಲಿ ಮೊಬೈಲು, ಮೊಬೈಲಿನೊಳಗೆ ಜಪಾನಿನ ಮಾರಿ ಕೊಂಡೋ. ಮುಟ್ಟಿದಾಗ ಮನಸ್ಸು ಅರಳದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ಆಕೆಯ ಉಪದೇಶ ಕಾಕಾಗೆ ಭಾರಿ ಹಿಡಿಸಿದೆ. ಮೂರು ಮಕ್ಕಳಾದ ಮೇಲೆ ಆ ಹಟವನ್ನು ಬಹಳಮಟ್ಟಿಗೆ ಬಿಟ್ಟಿದ್ದೇನೆಂದು 2023ರಲ್ಲಿ ಆಕೆಯೇ ಒಪ್ಪಿಕೊಂಡ ಸುದ್ದಿ ಮಾತ್ರ ಇವರನ್ನು ಇನ್ನೂ ಮುಟ್ಟಿಲ್ಲ. ನವರಾತ್ರಿಯ ಘಟಸ್ಥಾಪನೆ ಹತ್ತಿರ ಬಂದು, ಮನೆಮನೆಯ ಹಾಸಿಗೆ-ಕೌದಿಗಳು ತೊಳೆಯುವುದಕ್ಕೆ ಹೊರಬೀಳುವಾಗ, ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು "ಈ ಸಲ ಅರ್ಧ ಮನಿ ಖಾಲಿ!" ಎಂದು ಸಾರುತ್ತಾರೆ. ಮೊದಲು ಕೈ ಹಾಕುವುದು ಹೆಂಡತಿಯ, ಅಂದರೆ ಕಾಕೂನ ಕಪಾಟಿಗೆ. ತಮ್ಮ ಮೇಜಿನ ಖಾನೆಯಲ್ಲಿರುವ ಕೀಲಿ ಇಲ್ಲದ ಕೀಲಿಕೈಗಳು, ಓಬಿರಾಯನ ಕಾಲದ ಲೈಟ್ ಬಿಲ್ಲುಗಳು 'ದಾಖಲೆ', ಅವನ್ನು ಮುಟ್ಟುವಂತಿಲ್ಲ. ಸಾಮಾನು ವಿಂಗಡಿಸುವುದಕ್ಕೆಂದು ನಾಲ್ಕು ಪ್ಲಾಸ್ಟಿಕ್ ಡಬ್ಬಿ, ಒಂದು ಸ್ಟೀಲಿನ ರ‍್ಯಾಕು ಹೊಸದಾಗಿ ಬರುತ್ತವೆ. ದಸರೆಯ ಬನ್ನಿ ಕೊಡುವ ಹೊತ್ತಿಗೆ ತೆಗೆದದ್ದೆಲ್ಲ ಮತ್ತೆ ಒಳಗೆ ಸೇರಿರುತ್ತದೆ, ರ‍್ಯಾಕೊಂದು ಹೆಚ್ಚಿಗೆ.

ಕಾಕಾನ ಹುಮ್ಮಸ್ಸು ಸಾಲದು, ನಾಲ್ಕು ದಿನಕ್ಕೆ ಆರಿಹೋಗುತ್ತದೆ ಎನ್ನುವುದು ಮನೆಯವರ ದೂರು. ಇದು ಅನ್ಯಾಯ. ಪ್ರತಿ ವರ್ಷ ಸೋತು ಪ್ರತಿ ವರ್ಷ ಟವೆಲ್ ಸುತ್ತುವ ಮನುಷ್ಯನಿಗೆ ಛಲವಿಲ್ಲವೆಂದರೆ ಯಾರೂ ಒಪ್ಪಲಾರರು. ತೊಡಕು ಇರುವುದು ಅವರು ಹಳೆಯದರ ಮೇಲೆ ಯುದ್ಧ ಸಾರಿರುವುದರಲ್ಲಿ. ನಮ್ಮ ಕಡೆ ಹಳೆಯದಕ್ಕೆ ಹೊರಹೋಗುವ ದಾರಿ ಮೊದಲಿನಿಂದಲೂ ಇದೆ. ಹಳೆಯ ಸೀರೆ ಕೌದಿಯಾಗುತ್ತದೆ, ಹರಿದ ಧೋತರ ಕೂಸಿನ ಕೆಳಗಿನ ಹಾಸಾಗಿ, ಆಮೇಲೆ ಒಲೆಯ ಹತ್ತಿರದ ಮಸಿಯರಿವೆಯಾಗಿ ತಾನೇ ತೀರಿಹೋಗುತ್ತದೆ. ರದ್ದಿಯವನು ಕೂಗುತ್ತಾ ಬರುತ್ತಾನೆ. ಹಳೆ ಬಟ್ಟೆಗೆ ಭಾಂಡೆ ಕೊಡುವ ಹೆಂಗಸು ಬಾಗಿಲಲ್ಲಿ ಕೂತು ಮೂರು ಸೀರೆಗೆ ಒಂದು ಬೋಗುಣಿ ಎಂದು ವಾದಿಸುತ್ತಾಳೆ. (ಬಟ್ಟೆ ಹೋಗಿ ಸ್ಟೀಲು ಬಂತು, ಅದು ಬೇರೆ ಮಾತು.)

ದಾರಿ ಇಲ್ಲದೆ ಕೂತಿರುವುದು ಹೊಸದು. ಕಾಕೂನ ಕಪಾಟಿನ ಮೇಲಿನ ಖಾನೆಯನ್ನು ಸುಮ್ಮನೆ ನೋಡಿದರೆ ಸಾಕು. ಪ್ಲಾಸ್ಟಿಕ್ ಚೀಲದಿಂದ ಹೊರಬರದ ಸೋಲಾಪುರಿ ಚಾದರಗಳು, ಸತ್ಕಾರದ ಶಾಲುಗಳು, ಗುಂಡುಸೂಜಿ ಕೂಡ ತೆಗೆಯದ ಟೊಪ್ಪಿಗೆ-ಟವೆಲುಗಳು, ಉಡಿಯಲ್ಲಿ ಬಂದು ಯಾವ ಸೀರೆಗೂ ಹೊಂದದ ಕುಪ್ಪಸದ ಖಣಗಳು. ಊರಿನ ಮಗ್ಗಕ್ಕೆ ಹೆಸರು ತಂದ, ಜಿ.ಐ. ಮಾನ್ಯತೆ ಪಡೆದ ಚಾದರ ಊರಿನವರ ಮನೆಯಲ್ಲೇ ಹೊದೆಯುವವರಿಲ್ಲದೆ ಮಲಗಿದೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗಿನ ಅರಿಷಿಣ-ಕುಂಕುಮದಲ್ಲಿ ಪ್ರತಿಯೊಬ್ಬಳೂ ಪ್ರತಿಯೊಬ್ಬಳಿಗೂ ವಾಣವೆಂದು ಏನಾದರೊಂದು ಸಾಮಾನು ಕೊಡುತ್ತಾಳೆ. ಹೀಗಾಗಿ ಚಹಾ ಒಂದೇ ಒಲೆಯ ಮೇಲೆ ಕುದ್ದರೂ ಸೋಸುವ ಜಾಳಿಗೆಗಳು ಒಂದು ಡಜನ್ ಇರುತ್ತವೆ. ಮದುವೆಯಲ್ಲಿ ಬಂದ ಸ್ಟೀಲಿನ ಡಬ್ಬಿಯ ಸಂಗತಿಯಂತೂ ಇನ್ನೂ ಬಿಗಿ. ಅದರ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆದಿರುತ್ತದೆ. ಅದನ್ನು ಇನ್ನೊಂದು ಮದುವೆಗೆ ದಾಟಿಸುವಂತಿಲ್ಲ, ದಾಟಿಸಿದರೆ ಅದೇ ಮಂಟಪದಲ್ಲಿ ಕೊಟ್ಟ ಮಾವಶಿಯೇ ಎದುರಾಗುತ್ತಾಳೆ.

ಇದನ್ನೆಲ್ಲ ಕಡಿಮೆ ಮಾಡೋಣವೆಂದರೆ ಕಾಕೂ ಎತ್ತುವ ಆಕ್ಷೇಪಣೆ ಹಗುರಾದದ್ದಲ್ಲ. "ಇರ್ಲಿ ಬಿಡ್ರಿ, ಯಾವಾಗರ ಬೇಕಾಗ್ತದ" ಎನ್ನುವ ಮಾತಿನ ಹಿಂದೆ 1972ರ ಬರಗಾಲವಿದೆ. ನಳದ ನೀರು ದಿನಾ ಬಾರದ ಸೋಲಾಪುರದಲ್ಲಿ ಬ್ಯಾರಲ್ಲು, ಹಂಡೆ, ಕೊಡಗಳನ್ನು ಬೇಡದ ಸಾಮಾನು ಎನ್ನುವವನು ಎರಡು ದಿನ ಇಲ್ಲಿದ್ದು ನೋಡಲಿ. ಜೋಳ ತುಂಬಿಡುವುದಕ್ಕೆ ನೆಲದೊಳಗೆ ಹಗೇವು ತೋಡಿದ ಜನ ನಾವು; ಮನೆ ಬರಿದಾಗಿದ್ದರೆ ಚೆಂದ ಎನ್ನುವ ಕಲ್ಪನೆ, ಬೇಕೆಂದಾಗ ಎಲ್ಲ ಸಿಗುವ ಊರಿನವರದು. ಈ ವಾದ ನಿಜ, ಆದರೆ ಅದು ಕೊಡವನ್ನು ಉಳಿಸುತ್ತದೆಯೇ ಹೊರತು ಹನ್ನೆರಡನೆಯ ಜಾಳಿಗೆಯನ್ನಲ್ಲ. ಬರಗಾಲದಲ್ಲಿ ಶಾಲು ಬೇಯಿಸಿ ತಿಂದವರಿಲ್ಲ. ಬಳಸದಿದ್ದರೂ ಇಟ್ಟುಕೊಳ್ಳಬೇಕಾದ ವಸ್ತುಗಳು ಬೇರೆ: ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ವಿಲೀನವಾದರೂ ಅರಸರ ಕತ್ತಿ-ಗುರಾಣಿಗಳು ರಾಜವಾಡೆಯ ಶಸ್ತ್ರಾಗಾರದಲ್ಲಿ ಇಂದಿಗೂ ಇವೆ, ಜನ ಹೋಗಿ ನೋಡುತ್ತಾರೆ. ಕಾಕೂನ ಟೊಪ್ಪಿಗೆ-ಟವೆಲ್ ನೋಡಲು ಯಾರೂ ಬರುವುದಿಲ್ಲ.

ಎರಡನೆಯ ಆಕ್ಷೇಪಣೆ ಸಂಬಂಧದ್ದು: ಮದುವೆಯ ಉಡುಗೊರೆ, ಅಂದರೆ ಆಹೇರ, ಬೇಡವೆಂದರೆ ಬೀಗರು ಮುನಿಯುತ್ತಾರೆ. ಲಗ್ನಪತ್ರಿಕೆಯಲ್ಲಿ ಆಹೇರ ತರಬಾರದೆಂದು ಅಚ್ಚು ಹಾಕಿಸುವವರು ಈಗ ಕಡಿಮೆಯೇನಿಲ್ಲ, ಅವರ ಮನೆಗೆ ಬೀಗರು ಬರುವುದನ್ನು ಬಿಟ್ಟಿಲ್ಲ. ಅದನ್ನು ಓದಿಯೂ ಚಾದರ ತರುವವರಿದ್ದಾರೆ, ಒಪ್ಪೋಣ. ಕೈ ಬೀಸಿಕೊಂಡು ಹೋಗುವುದು ನಮ್ಮವರಿಗೆ ಆಗಿಬರದು. ಹಾಗಿದ್ದ ಮೇಲೆ ಕಾಕಾ ಕಾವಲು ಕೂರಬೇಕಾದದ್ದು ಕಪಾಟಿನ ಮುಂದಲ್ಲ, ಹೊಸ್ತಿಲ ಮೇಲೆ. ವರ್ಷಕ್ಕೊಮ್ಮೆ ಟವೆಲ್ ಸುತ್ತುವ ಶೌರ್ಯಕ್ಕಿಂತ, ಮದುವೆಯ ಹಂಗಾಮಿನಲ್ಲಿ ತಾವೇ ಒಂದು ಶಾಲು ಕಡಿಮೆ ಕೊಳ್ಳುವುದಕ್ಕೆ ಬೇಕಾಗುವ ಉತ್ಸಾಹ ಕಡಿಮೆ, ಬಾಳಿಕೆ ಹೆಚ್ಚು.

ಆದ್ದರಿಂದ ಕಾಕಾಗಳಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಕ್ಕೆ ಹೋಗುವಾಗ ಸೋಲಾಪುರದ ಶೇಂಗಾ ಹಿಂಡಿ ಅರ್ಧ ಕಿಲೋ, ಕಟಕ ರೊಟ್ಟಿ ಒಂದು ಕಟ್ಟು ಒಯ್ಯಿರಿ. ಎಂಟು ದಿನದಲ್ಲಿ ತಿಂದು ಮುಗಿಯುತ್ತದೆ, ಅದರ ಮೇಲೆ ಹೆಸರು ಕೊರೆಯಲಿಕ್ಕೂ ಬರುವುದಿಲ್ಲ.