ಖೋ-ಖೋ ನಾಯಕಿ: ಬಳಸುವ ವಿಧಾನ

ಹೈಸ್ಕೂಲಿನ ಖೋ-ಖೋ ತಂಡದ ನಾಯಕಿಯಾದ ನಿಮಗೆ ಅಭಿನಂದನೆ. ಬಳಕೆಗೆ ಮುನ್ನ ಬಿಡಿಭಾಗಗಳನ್ನು ಎಣಿಸಿಕೊಳ್ಳಿ. ಒಟ್ಟು 12 ಹುಡುಗಿಯರು. 9 ಮಂದಿ ಅಂಗಳಕ್ಕೆ, 3 ಮಂದಿ ಚಪ್ಪಲಿ, ನೀರಿನ ಬಾಟಲಿ, ನಿಮ್ಮ ಓಲೆ ಕಾಯುವುದಕ್ಕೆ. (ಕಾಯುವ ಕೆಲಸ ನಿಯಮದ ಪುಸ್ತಕದಲ್ಲಿಲ್ಲ, ನಾನು ನೋಡಿದ ಶಾಲೆಗಳಲ್ಲೆಲ್ಲ ಇತ್ತು.)

ಹಂತ 1: ಎರಡು ಕಂಬಗಳ ನಡುವಿನ ಚೌಕಗಳಲ್ಲಿ 8 ಮಂದಿಯನ್ನು ಕೂರಿಸಿ, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುವವಳು. ಅದು ನೀವೇ ಅಂತ ಬೇರೆ ಹೇಳಬೇಕಿಲ್ಲ.

ಹಂತ 2: ಎದುರು ತಂಡದ ಓಡುವವಳು ಸಾಲಿನ ನಡುವೆ ನುಸುಳಿ ಆಚೆ ಹೋಗಬಹುದು, ನೀವು ಹೋಗುವಂತಿಲ್ಲ. ಕೂತವಳಿಗೆ ಹಿಂದಿನಿಂದ ಮುಟ್ಟಿ ‘ಖೋ’ ಅನ್ನಬೇಕು. ಅವಳು ಏಳುತ್ತಾಳೆ, ಅವಳ ಜಾಗದಲ್ಲಿ ನೀವು ಕೂರುತ್ತೀರಿ. ನಾಯಕಿಯರಿಗೆ ಈ ಆಟದಲ್ಲಿ ಸೇರದಿರುವುದು ಇದೊಂದೇ.

ಎಚ್ಚರಿಕೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಂದಿನಿಂದ ಎಲ್ಲ ನಾಯಕಿಯರ ತಲೆಯಲ್ಲೂ ಸ್ವಾಗತ ಮೆರವಣಿಗೆ ಹೊರಟಿದೆ. ಪಂದ್ಯ ಮುಗಿಯುವವರೆಗೆ ಡೊಳ್ಳು ನಿಲ್ಲಿಸಿ.

ಸಾಮಾನ್ಯ ದೋಷ: ಖೋ ಮೂವರಲ್ಲೇ ಸುತ್ತುವುದು. ನನ್ನ ಕಾಲದಲ್ಲೂ ಸುತ್ತುತ್ತಿತ್ತು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಮೂರನೇ ಚೌಕದವಳಿಗೆ ಇಡೀ ಸರದಿ ಒಂದೇ ಒಂದು ಖೋ ಸಿಗಲಿಲ್ಲ. ಸರದಿ ಮುಗಿದು ಎದ್ದಾಗ ಅವಳ ಮಂಡಿಯಲ್ಲಿ ಸುಣ್ಣದ ಗೆರೆ ಅಚ್ಚೊತ್ತಿತ್ತು, ಪಾದ ಜೋಮು ಹಿಡಿದು ಕುಂಟುತ್ತಿದ್ದಳು. ಅಳುತ್ತಾಳೇನೋ ಅಂದುಕೊಂಡು ನಿಂಬೆಹಣ್ಣಿನ ಹೋಳು ಕೊಟ್ಟೆ. ಅದನ್ನು ಚೀಪುತ್ತಾ ಅಂದಳು: “ಅಕ್ಕಾ, ಆ ಎರಡು ಜಡೆಯವಳು ಕಂಬದ ಹತ್ರ ಒಳಕ್ಕೆ ನುಗ್ಗೋ ಹಾಗೆ ಮಾಡ್ತಾಳೆ, ನುಗ್ಗಲ್ಲ. ನೀವು ನಾಲ್ಕು ಸಲವೂ ಮೋಸ ಹೋದ್ರಿ.”

ನಾಲ್ಕು ಸಲ! ಎಣಿಸಿಟ್ಟಿದ್ದಳು. ಓಡದವಳಿಗೆ ನೋಡುವುದು ಬಿಟ್ಟು ಬೇರೇನು ಕೆಲಸವಿತ್ತು?

ದುರಸ್ತಿ: ಮುಂದಿನ ಸರದಿಯಲ್ಲಿ ಆ ಬೆನ್ನು ಹುಡುಕಿ ಖೋ ಕೊಡಿ. ಕೊಟ್ಟಮೇಲೆ ಬಾಯಿ ಮುಚ್ಚಿ ಕೂತಿರಿ. (“ಎಡಕ್ಕೇ, ಎಡಕ್ಕೇ!” ಎಂದು ಕಿರುಚುವುದು ಖೋ ಕೊಟ್ಟು ವಾಪಸ್ ಕಿತ್ತುಕೊಂಡ ಹಾಗೆ.) ನಮ್ಮವಳು ಕಂಬದವರೆಗೆ ಓಡಿದಳು. ಎರಡು ಜಡೆ ಒಳಕ್ಕೆ ವಾಲಿತು. ಇವಳು ವಾಲಲಿಲ್ಲ, ಸುಮ್ಮನೆ ಕೈ ಚಾಚಿದಳು. ಜಡೆ ತಾನಾಗಿ ಬಂದು ಬೆರಳಿಗೆ ತಗುಲಿತು.

ಪಂದ್ಯ ಸೋತೆವು. ಗೆಲುವಿಗೆ ಈ ಕೈಪಿಡಿ ವಾರಂಟಿ ಕೊಡುವುದಿಲ್ಲ.

ಕೊನೆಯ ಹಂತ: ವಾಪಸ್ ಬರುವಾಗ ಕಿಟಕಿ ಪಕ್ಕದ ಸೀಟು ಅವಳಿಗೆ ಬಿಡಿ. ಪಕ್ಕದಲ್ಲಿ ಚಪ್ಪಲಿ ಕಾದ ಮೂವರನ್ನು ಕೂರಿಸಿ, ಅವರು ಕಂಡದ್ದನ್ನೂ ಕೇಳಿ. ನಿಮಗೆ ಡ್ರೈವರ್ ಪಕ್ಕ ಇಂಜಿನ್ ಮೇಲೆ ಜಾಗವಿರುತ್ತದೆ. ಸ್ವಲ್ಪ ಬಿಸಿ.