ಗಳಗತನಯ

ಗಳಗನಾಥದ ಹರೆಯದ ಕವಿಗೆ ಮೊದಲ ಏಟು ಬೀಳುವುದು ಕಾವ್ಯನಾಮದಲ್ಲೇ. ಬೇಂದ್ರೆಯವರು ಅಂಬಿಕಾತನಯದತ್ತರಾದ ಮೇಲೆ ಈ ಸೀಮೆಯಲ್ಲಿ ಬರೀ ಹೆಸರು, ಅಡ್ಡಹೆಸರಿನಲ್ಲಿ ಕವನ ಬರೆಯುವುದೆಂದರೆ ಅಂಗಿ ತೊಡದೆ ಲಗ್ನಕ್ಕೆ ಹೋದಂತೆ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಊರು, ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ, ಹೆಸರಿಗೇನೂ ಬರವಿಲ್ಲ. ಆದರೆ ಇದ್ದುದರಲ್ಲಿ ಗತ್ತಿನದಾದ 'ಗಳಗನಾಥ' ಎಂಬುದನ್ನು ಇದೇ ಹೊಳೆಸಾಲಿನ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಇಟ್ಟುಕೊಂಡು, ರಾಶಿ ಕಾದಂಬರಿ ಬರೆದು, ಇನ್ನೊಬ್ಬರು ಮುಟ್ಟದಂತೆ ಮಾಡಿ ಹೋಗಿದ್ದಾರೆ. ಉಳಿದದ್ದರಲ್ಲಿ ಹುಡುಕಾಡಿ ನಮ್ಮ ಪಿಯುಸಿ ಹುಡುಗ 'ಗಳಗತನಯ' ಆದ.

ಕನ್ನಡ ಮಾಸ್ತರರು ಕೇಳಿ ಕನ್ನಡಕ ತೆಗೆದರು. "ತಮ್ಮಾ, ಗಳಗೇಶ್ವರ ಅಂದ್ರ ಶಿವ. ಅವನ ಮಗಾ ಅಂದ್ರ ಗಣಪ್ಪ. ಮಹಾಭಾರತಾನ ಒಂದ ಬೈಠಕ್ಕಿನ್ಯಾಗ ಬರಕೊಂಡಾಂವ. ನಿನಗ ಆ ಬರವಣಿಗೀನೂ ಇಲ್ಲ, ಆ ಹೊಟ್ಟೀನೂ ಇಲ್ಲ."

ಇಂಥವನು ಹಾವೇರಿ ಜಿಲ್ಲೆಯಲ್ಲಿ ಊರಿಗೊಬ್ಬ, ರಾಣೆಬೆನ್ನೂರಿನಲ್ಲಿ ಓಣಿಗೊಬ್ಬ. ತಪ್ಪು ಅವನದಲ್ಲ, ನೆಲದ್ದು. ಬಾಡದಲ್ಲಿ ಹುಟ್ಟಿ ಕಾಗಿನೆಲೆಗೆ ಒಲಿದ ಕನಕದಾಸರು, ಶಿಶುನಾಳದ ಶರೀಫಸಾಹೇಬರು, ಸವಣೂರಿನ ಗೋಕಾಕರು, ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿ, ಹತ್ತಿಮತ್ತೂರಿನ ಚಂಪಾ, ಇಷ್ಟು ಮಂದಿಯ ಫೋಟೊ ಕೆಳಗೆ ಬೆಂಚು ಹಾಕಿ ಕೂರಿಸಿದರೆ ಯಾವ ಹುಡುಗ ಬರೀ ನೋಟ್ಸು ಬರೆದುಕೊಂಡಿರುತ್ತಾನೆ? ಸಾಲದ್ದಕ್ಕೆ 2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಹೈಸ್ಕೂಲು ಹುಡುಗ ಊಟದ ಸಾಲಿನಲ್ಲಿ ನಿಂತು ದೂರದಿಂದ ವೇದಿಕೆ ನೋಡಿ ಬಂದ. ಹತ್ತಿದ ಜ್ವರ ಇನ್ನೂ ಇಳಿದಿಲ್ಲ.

ಅವನನ್ನು ಗುರುತಿಸಲು ಅಕೌಂಟೆನ್ಸಿ ನೋಟುಬುಕ್ಕು ತೆರೆದರೆ ಸಾಕು. ಹಿಂದಿನ ಪುಟದಿಂದ ಕವನ ಮುಂದಕ್ಕೆ ಬರುತ್ತದೆ, ಮುಂದಿನ ಪುಟದಿಂದ ಬ್ಯಾಲೆನ್ಸ್ ಶೀಟು ಹಿಂದಕ್ಕೆ ಹೋಗುತ್ತದೆ. ಎರಡೂ ಕೂಡುವ ಸಂಗಮದಲ್ಲಿ ಯಾವುದೂ ಟ್ಯಾಲಿ ಆಗುವುದಿಲ್ಲ. ವಿಷಯಗಳು ನಾಲ್ಕು: ಅವ್ವ, ರೈತ, ಮಳೆ, 'ಓ ಗೆಳತಿ'. ಮಳೆಯ ಕವನದಲ್ಲೂ ಗೆಳತಿ ಬರುತ್ತಾಳೆ; ರೈತನ ಕವನದಲ್ಲಿ ಮಾತ್ರ ಮಳೆ ಬರುವುದಿಲ್ಲ. ಸಾಲು ಮುಗಿದಲ್ಲೆಲ್ಲ ಮೂರು ಚುಕ್ಕಿ, ಭಾವ ಹೆಚ್ಚಾದಲ್ಲಿ ಐದು. ಅವ್ವನ ತ್ಯಾಗದ ಮೇಲೆ ಬರೆಯುತ್ತ ಕೂತಾಗ ಅವ್ವನೇ ನೀರು ತುಂಬಲು ಕರೆದರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

ಬರೆದದ್ದನ್ನು ನಾಲ್ಕು ಜನ ಓದಲಿ ಎಂಬ ಆಸೆ ಅವನಿಗೆ ಅಷ್ಟಿಲ್ಲ. ಅಚ್ಚಾಗಬೇಕು, ಅಷ್ಟೇ. ಅದೂ ಬೇಗ. "ಸರ, ಕುವೆಂಪು ಅವರು ಹುಟ್ಟಿದ್ದು 1904ರ ಡಿಸೆಂಬರ್ ಕೊನಿಗೆ. ಮೊದಲ ಪುಸ್ತಕ ಬಂದಿದ್ದು 1922ರಾಗ. ಲೆಕ್ಕಾ ಹಾಕ್ರಿ, ಹದಿನೇಳು!" ಅಕೌಂಟೆನ್ಸಿಯಲ್ಲಿ ತಪ್ಪುವ ಲೆಕ್ಕ ಇಲ್ಲಿ ತಪ್ಪುವುದಿಲ್ಲ. ಆ 'ಬಿಗಿನರ್ಸ್ ಮ್ಯೂಸ್' ಇಂಗ್ಲಿಷ್ ಕವನಗಳದು, ಆಮೇಲೆ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಕನ್ನಡದಲ್ಲಿ ಬರೆಯಲು ಹೇಳಿದರು ಎಂಬ ಭಾಗವನ್ನು ಮಾತ್ರ ಅವನು ನುಂಗಿಬಿಡುತ್ತಾನೆ.

ಮಾಸ್ತರರು ಇನ್ನೊಂದು ಉದಾಹರಣೆ ತೆಗೆದರು. "ಫ್ರಾನ್ಸಿನ್ಯಾಗ ರಾಂಬೋ ಅಂತ ಒಬ್ಬಾಂವ ಇದ್ದ. ಹದಿನಾರು, ಹದಿನೇಳಕ್ಕ ಮಂದಿ ಬೆರಗಾಗೂ ಹಂಗ ಬರದ. ಇಪ್ಪತ್ತರ ಸುಮಾರಿಗೆ ಪೂರಾ ಬಿಟ್ಟಬಿಟ್ಟ. ಮುಂದ ಕಾಫಿ ವ್ಯಾಪಾರಕ್ಕ ಹೋದ."

ಫೀ ಕಟ್ಟಲು ಬಂದು ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಅರಳಿತು. "ಬಿಟ್ಟನೇನ್ರಿ ಸರ? ವ್ಯಾಪಾರಕ್ಕ ಹತ್ತಿದನೇನ್ರಿ? ಹಂಗಾದ್ರ ಇನ್ನೊಂದೆರಡ ವರ್ಷ ತಡಕೋತೀನಿ ಬಿಡ್ರಿ."

ಕವನ ಕಳಿಸುವುದೂ ಒಂದು ವಿಧಿ. 'ಇದು ನನ್ನ ಸ್ವಂತ ರಚನೆ, ಈವರೆಗೆ ಎಲ್ಲಿಯೂ ಪ್ರಕಟವಾಗಿರುವುದಿಲ್ಲ' ಎಂದು ದೃಢೀಕರಣ ಬರೆಯಬೇಕು. ಎರಡನೆಯ ಮಾತಿನ ಸತ್ಯ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಂದೇ ಕವನ ಸುಧಾಕ್ಕೂ ಹೋಗುತ್ತದೆ, ತರಂಗಕ್ಕೂ, ಮಯೂರಕ್ಕೂ. "ಮೂರರಾಗೂ ಒಮ್ಮೆಲೇ ಬಂದ್ರ ಹೆಂಗಲೇ?" ಎಂದು ಗೆಳೆಯನನ್ನು ಕೇಳಿಕೊಂಡು ನಿದ್ದೆಗೆಡುತ್ತಾನೆ. ಅಂಚೆ ಬೇಡವೆಂದು ಗುತ್ತಲದ ಝೆರಾಕ್ಸ್ ಅಂಗಡಿಯಲ್ಲಿ ನುಡಿಯಲ್ಲಿ ಟೈಪು ಮಾಡಿಸಿ ಈಮೇಲ್ ಹಾಕಿದರೆ ಇನ್ನೊಂದು ಫಜೀತಿ. ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅವ್ವ, ರೈತ, ಮಳೆ, ಗೆಳತಿ ಎಲ್ಲ ಕಲಸಿ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳಾಗಿ, ನಮ್ಮ ಹುಡುಗ ತನಗೇ ತಿಳಿಯದಂತೆ ನವ್ಯಕವಿಯಾಗಿರುತ್ತಾನೆ.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲ ಎಂಬುದು ಅವನ ದೂರು. ಚೌಡದಾನಪುರದ ಮುಕ್ತೇಶ್ವರನ ಗುಡಿಯಲ್ಲಿ ಆಳೆತ್ತರ ಮೀರಿದ ಶಾಸನಗಳಿವೆ. "ಕಲ್ಲಿನ್ಯಾಗ ಕೆತ್ತಿ ನಿಲ್ಲಿಸಿದ್ದನ್ನ ಯಾವ ಸಂಪಾದಕ ಹೊಳ್ಳಿ ಕಳಸ್ತಾನ್ರಿ?" ಎಂದು ಕೇಳಿದ. "ಆವಾಗ ಸಂಪಾದಕನ ಕಡೆ ಕತ್ತಿ ಇರತಿತ್ತೋ ತಮ್ಮಾ," ಎಂದರು ಮಾಸ್ತರರು. ಜೊತೆಗೆ ಹಳೆಯ ಗಳಗನಾಥರ ಕಥೆಯನ್ನೂ ಹೇಳಿದರು: ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಗೆ ದುಡಿದದ್ದು, ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು. "ಹೊರೂದಕ್ಕ ನಾ ತಯಾರ ಅದೇನ್ರಿ ಸರ," ಎಂದ ಹುಡುಗ, "ಗಂಟ ಆಗಬೇಕಲ್ರಿ."

ಗಂಟು ಕಟ್ಟಿಕೊಡುವವರೂ ಇದ್ದಾರೆ. ಐನೂರು ರೂಪಾಯಿ ಕೊಟ್ಟರೆ 'ಪ್ರಾತಿನಿಧಿಕ ಕವನ ಸಂಕಲನ'ದಲ್ಲಿ ಒಂದು ಪುಟ, ಪಾಸ್‌ಪೋರ್ಟ್ ಸೈಜಿನ ಫೋಟೊ, ಎರಡು ಗೌರವ ಪ್ರತಿ, ಬಿಡುಗಡೆಯ ದಿನ ಒಂದು ಪ್ರಮಾಣಪತ್ರ. ರೆಕಾರ್ಡ್ ಫೀ ಎಂದು ಅವ್ವನ ಹತ್ತಿರ ಇಸಕೊಂಡು ಅದನ್ನೂ ಮಾಡಿದ. ಪುಸ್ತಕ ಕೈಗೆ ಬಂದೊಡನೆ ಸಭಾಂಗಣದ ತುಂಬ ಪರಪರ ಸದ್ದು. ಪ್ರತಿ ಕವಿಯೂ ತನ್ನ ಪುಟ ಹುಡುಕಿ, ಫೋಟೊ ನೋಡಿ, ಪುಸ್ತಕ ಮುಚ್ಚಿದ. ಆಮೇಲೆ ಕವಿಗೋಷ್ಠಿ. ಮುಂಜಾನೆಯ ಭಾಷಣಗಳು ಮಧ್ಯಾಹ್ನಕ್ಕೆ ಮುಗಿದಿದ್ದರಿಂದ ಒಬ್ಬೊಬ್ಬರಿಗೆ ಎರಡೇ ನಿಮಿಷ. ಇವನ ಸರದಿಗೆ ಕೆಳಗೆ ಕೂತಿದ್ದವರು ಇನ್ನೂ ಓದಬೇಕಾದ ಕವಿಗಳು ಮಾತ್ರ. ಓದಿ ಮುಗಿಸಿದವರೆಲ್ಲ ಊಟಕ್ಕೆ ಎದ್ದಿದ್ದರು. ಅವನೂ ಓದಿ ನೇರವಾಗಿ ಊಟಕ್ಕೇ ಹೋದ.

ಕೊನೆಗೊಂದು ಮಂಗಳವಾರ ಜಿಲ್ಲೆಯ ಪತ್ರಿಕೆಯೊಂದರಲ್ಲಿ ಜಾಹೀರಾತು ತಪ್ಪಿ ನಾಲ್ಕು ಬೆರಳಗಲ ಜಾಗ ಉಳಿಯಿತೋ ಏನೋ, 'ಓ ಗೆಳತಿ'ಯ ಎಂಟು ಸಾಲು ಅಚ್ಚಾಗಿಬಿಟ್ಟವು. ಚುಕ್ಕಿಗಳನ್ನೆಲ್ಲ ತೆಗೆದಿದ್ದರು; ಹೆಸರು ಮಾತ್ರ ನೆಟ್ಟಗೆ ಬಂದಿತ್ತು. ಗುತ್ತಲದ ಬಸ್‌ಸ್ಟ್ಯಾಂಡಿನಲ್ಲಿದ್ದ ಪ್ರತಿಗಳನ್ನೆಲ್ಲ ಕೊಂಡು ಮನೆಗೆ ಬಂದರೆ, ಕಟ್ಟೆಯ ಮೇಲೆ ಕೂತ ಅಪ್ಪ ಅದೇ ಪುಟವನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟುಕೊಳ್ಳುತ್ತಿದ್ದ. ಹುಡುಗನ ಗಂಟಲು ಕಟ್ಟಿತು.

"ಅಪ್ಪಾ, ಓದಿದೇನ?"

"ಓದಿದ್ನೆಪಾ. ಡಬ್ಬಿ ಏರೈತಿ, ಕಡ್ಡಿ ಇಳದೈತಿ."

ಹಿಂಬದಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ಸೋಮವಾರದ ಮೆಣಸಿನಕಾಯಿ ರೇಟು ಇತ್ತು. ಮಗ ಕಾಗದ ಹೊರಳಿಸಿ ತೋರಿಸಿದ. ಅಪ್ಪ ಎಂಟೂ ಸಾಲುಗಳನ್ನು ಬೆರಳಿಟ್ಟು ಓದಿದ; ಗೆಳತಿ ಯಾರೆಂದು ಕೇಳಲಿಲ್ಲ. "ಛಲೋ ಐತಿ," ಎಂದ. "ಮುಂದಿನದು ಶುಕ್ರವಾರ ಹಾಕ್ಸು. ಗುರುವಾರದ ರೇಟೂ ಸಿಕ್ಕಂಗ ಆಕ್ಕೈತಿ."