ಪಿಕ್ಸೆಲ್ ಮೇಷ್ಟ್ರು

ಕಾಲೇಜಿನ ಅಂಗಳದಲ್ಲಿ ಒಂಬತ್ತು ಹುಡುಗ ಹುಡುಗಿಯರು ಓರೆಕೋರೆಯಾಗಿ ನಿಂತಿದ್ದರೆ ಸ್ಟ್ರೈಕ್ ಅಂದುಕೊಳ್ಳಬೇಡಿ. ಅದು ಪಿಕ್ಸೆಲ್ ಮೇಷ್ಟ್ರ ಗ್ರಾಫಿಕ್ಸ್ ಕ್ಲಾಸು. ಆ ಒಂಬತ್ತು ಜನ ಸೇರಿ ಒಂದು ಸರಳರೇಖೆ.

ನೆಲದ ಟೈಲ್ಸೇ ಪರದೆ. ಎಂಟು ಟೈಲ್ ಬಲಕ್ಕೆ, ಮೂರು ಮೇಲಕ್ಕೆ ಹೋಗಬೇಕು. "ಲೇ, ಎರಡರ ಮಧ್ಯೆ ಯಾಕೋ ನಿಂತೆ? ಅರ್ಧ ಪಿಕ್ಸೆಲ್ ಎಲ್ಲಾದ್ರೂ ಉಂಟಾ?" 1962ರಲ್ಲಿ ಐಬಿಎಂನ ಜ್ಯಾಕ್ ಬ್ರೆಸೆನ್‌ಹ್ಯಾಮ್ ದಶಮಾಂಶದ ಗೋಜಿಲ್ಲದೆ, ಪೂರ್ಣಾಂಕಗಳ ಕೂಡು-ಕಳೆಯಲ್ಲೇ ಪ್ಲಾಟರ್ ಯಂತ್ರದಿಂದ ಗೆರೆ ಎಳೆಸಿದರು. ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ ಅದೇ ಸಾಲು, ಇಲ್ಲದಿದ್ದರೆ ಒಂದು ಸಾಲು ಮೇಲೆ. ಮೇಷ್ಟ್ರು ಅದನ್ನು ತಂಬೋಲದ ನಂಬರಿನಂತೆ ಕೂಗುತ್ತಾರೆ: "ಮೈನಸ್ ಎರಡು, ನೇರ! ಪ್ಲಸ್ ನಾಲ್ಕು, ಮೇಲೆ!"

"ಸಿಲಬಸ್ ಎಷ್ಟಾಯ್ತು?" ಎಂದು ಎಚ್‌ಓಡಿ ಕೇಳಿದರು.

"ಒಂದು ಗೆರೆ ಆಯ್ತು ಸಾರ್."

ಕಿಟಕಿಯ ಹೊರಗಿನ ಗೆರೆ ಕತ್ತರಿಸುವ ಕ್ಲಿಪಿಂಗ್ ಪಾಠಕ್ಕೆ ಒಂಬತ್ತು ಮನೆಯ ಕುಂಟೆಬಿಲ್ಲೆ. ನಡುಮನೆಯೇ ಕಿಟಕಿ, ಅದರ ನಂಬರು 0000. ಎಡ ಮೇಲ್ಮೂಲೆ 1001. ಹಗ್ಗದ ಎರಡೂ ತುದಿ ಹಿಡಿದವರ ನಂಬರಿನಲ್ಲಿ ಒಂದೇ ಜಾಗದಲ್ಲಿ 1 ಬಂದರೆ ಹಗ್ಗ ಔಟ್. ಈ ವಿಧಾನ ರೂಪಿಸಿದ ಕೋಹೆನ್, ಸದರ್ಲೆಂಡ್ ಇಬ್ಬರೂ ಮೆಚ್ಚುತ್ತಿದ್ದರೇನೋ. ಆದರೆ ಈ ನಿಯಮ ಹಾಜರಾತಿಗೂ ಬಂತು. ತಡವಾಗಿ ಬಂದು ಬಾಗಿಲಲ್ಲಿ ಇಣುಕಿದವನಿಗೆ, "ನಿನ್ನ ಅರ್ಧ ಮಾತ್ರ ಪ್ರೆಸೆಂಟ್."

1975ರಲ್ಲಿ ಯೂಟಾದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಟೀಪಾಟನ್ನು ಕಂಪ್ಯೂಟರಿಗಿಳಿಸಿದ ಕಥೆ ಹೇಳಲು ಮೇಷ್ಟ್ರು ಕ್ಯಾಂಟೀನಿನಿಂದ ಕೆಟಲ್ ತಂದರು. ಅದು ಮೂರು ದಿನ ಲ್ಯಾಬಿನಲ್ಲೇ ಉಳಿಯಿತು. ಸ್ಟಾಫ್ ರೂಮಿನವರೆಲ್ಲ ಚಹಾ ಇಲ್ಲದೆ ಜ್ಯಾಮಿತಿಯನ್ನು ಶಪಿಸಿದೆವು.

ಮನೆಯಲ್ಲೂ ಹೀಗೇ. ಕಾವಲಿಯ ಮೇಲೆ ದೋಸೆಹಿಟ್ಟು ಹರಡುತ್ತಿದ್ದರೆ, "ನೋಡೇ, ಫ್ಲಡ್ ಫಿಲ್!" ಎನ್ನುತ್ತಾರಂತೆ. "ಮೊದ್ಲು ಹೊಟ್ಟೆ ಫಿಲ್ ಮಾಡ್ಕೊಳಿ," ಅನ್ನುತ್ತಾರಂತೆ ಅವರ ಮನೆಯವರು.

ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ ಸಾಹೇಬರು ವೈವಾದಲ್ಲಿ ಬ್ರೆಸೆನ್‌ಹ್ಯಾಮ್ ಬಗ್ಗೆ ಕೇಳಿದರು. ಹುಡುಗಿ ಬಾಯಿ ತೆರೆಯಲಿಲ್ಲ, ಎದ್ದು ನಡೆಯತೊಡಗಿದಳು. ನೇರ, ಮೇಲೆ, ನೇರ, ಮೇಲೆ.

"ಎಲ್ಲಿಗಮ್ಮಾ?"

ಬಾಗಿಲಾಚೆ ಇಟ್ಟಿದ್ದ ಕಾಲನ್ನು ಸರಕ್ಕನೆ ಒಳಗೆಳೆದುಕೊಂಡು, "ಇಲ್ಲಿಗೆ ಕ್ಲಿಪ್ಪು ಸಾರ್," ಅಂದಳು. ಎಕ್ಸ್‌ಟರ್ನಲ್ ಕೈಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತ್ತು. ನಮ್ಮ ಮೇಷ್ಟ್ರು ಮಾತ್ರ ಬಗ್ಗಿ ಟೈಲ್ಸ್ ಎಣಿಸುತ್ತಿದ್ದರು.